ಹಡಗಿಗೂ ಒಂದು ಮುಪ್ಪಿದೆ

(ತಾಳವಾಡಿಯಲ್ಲಿ ಶಾಲಾ ಮಕ್ಕಳ ಹಡಗು ಮತ್ತು ಕಡಲು ವಿಜ್ಞಾನ ವಸ್ತುಪ್ರದರ್ಶನದ ಉದ್ಘಾಟನಾ ಭಾಷಣ)



ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರಿನ ಪಕ್ಕದಲ್ಲಿ ನಿಂತು ಮೈಕಿನ ಮುಂದೆ ಕನ್ನಡ ಮಾತಾಡುವುದೆಂದರೆ ಯಾರಿಗಾದರೂ ಸ್ವಲ್ಪ ಅಳುಕೇ. ಉಚ್ಚಾರಣೆ ತಪ್ಪಿದರೆ ಹಿಂದಿನ ಸಾಲಿನ ಅಜ್ಜಂದಿರು ತಿದ್ದುತ್ತಾರೆಂಬ ಧೈರ್ಯದ ಮೇಲೆ ಮಾತು ಶುರುಮಾಡುತ್ತೇನೆ.

ಕಾರ್ಯಕ್ರಮಕ್ಕೆ ಮುಂಚೆ ಯಾರೋ ಒಬ್ಬರು ನಗುತ್ತಾ ಕೇಳಿದರು: ‘ಕಡಲು ನೋಡಬೇಕಾದರೆ ದಿಂಬಂ ಘಾಟಿನ 27 ತಿರುವು ಇಳಿದು ದಿನವಿಡೀ ಬಸ್ಸಿನಲ್ಲಿ ಕೂರಬೇಕು. ಇಲ್ಲಿ ಯಾಕಪ್ಪಾ ಹಡಗಿನ ಪ್ರದರ್ಶನ?’ ನ್ಯಾಯವಾದ ಪ್ರಶ್ನೆ. ನನ್ನ ಹತ್ತಿರ ಎರಡು ಉತ್ತರ ಇವೆ.

ಮೊದಲನೆಯದು ನೀರಿನದು. ಈ ಬೆಟ್ಟಗಳ ಮೇಲೆ ಬಿದ್ದ ಮಳೆ ಉತ್ತರಕ್ಕೆ ಹರಿದು ಸುವರ್ಣಾವತಿಯ ಕಡೆಗೆ ಹೋಗಲಿ, ದಕ್ಷಿಣಕ್ಕೆ ಇಳಿದು ಮೋಯಾರಿನ ಕಡೆಗೆ ಹೋಗಲಿ, ಕೊನೆಗೆ ಸೇರುವುದು ಕಾವೇರಿಯನ್ನು. ಕಾವೇರಿ ಸೇರುವುದು ಬಂಗಾಳ ಕೊಲ್ಲಿಯನ್ನು. ಆ ಮಳೆ ಬಂದದ್ದಾದರೂ ಕಡಲಿನಿಂದಲೇ. ನಿಮ್ಮ ರಾಗಿ ಹೊಲದ ಲೆಕ್ಕಪತ್ರವನ್ನು ಬರೆಯುತ್ತಿರುವುದು ದೂರದ ಹಿಂದೂ ಮಹಾಸಾಗರ.

ಎರಡನೆಯದು ಮರದ್ದು. 1979ರಲ್ಲಿ ಈರೋಡು ಜಿಲ್ಲೆ ಆಗುವ ಮುಂಚೆ ತಾಳವಾಡಿ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅದೇ ಜಿಲ್ಲೆಯ ಆನೆಮಲೆ ಕಾಡಿನಿಂದ 19ನೇ ಶತಮಾನದ ಮಧ್ಯದಲ್ಲಿ ತೇಗದ ದಿಮ್ಮಿಗಳು ಮುಂಬಯಿಯ ಹಡಗುಕಟ್ಟೆಗೆ ಹೋಗುತ್ತಿದ್ದವು. ಅದಕ್ಕೂ ಮೊದಲು ಮಲಬಾರಿನ ತೇಗ ಹೋಗುತ್ತಿತ್ತು, ನಮ್ಮ ಕೆನರಾದ ತೇಗವೂ ಹೋಗುತ್ತಿತ್ತು. ನೆಪೋಲಿಯನ್ ಜೊತೆಗಿನ ಯುದ್ಧಗಳಲ್ಲಿ ಇಂಗ್ಲೆಂಡಿನ ಓಕ್ ಮರ ಖಾಲಿಯಾಗುತ್ತಾ ಬಂದಾಗ ಬ್ರಿಟಿಷ್ ನೌಕಾಪಡೆ ನಮ್ಮ ಕಾಡುಗಳ ಕಡೆ ತಿರುಗಿತು. 1817ರಲ್ಲಿ ಮುಂಬಯಿಯಲ್ಲಿ ಜಮ್ಷೆಟ್‌ಜಿ ಬೊಮನ್‌ಜಿ ವಾಡಿಯಾ ಎಂಬ ಪಾರ್ಸಿ ಮೇಸ್ತ್ರಿ ಮಲಬಾರ್ ತೇಗದಲ್ಲಿ ಕಟ್ಟಿದ ‘ಟ್ರಿಂಕೋಮಲಿ’ ಎಂಬ ಹಡಗು ಇವತ್ತಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಊರಿನಲ್ಲಿ ನೀರಿನ ಮೇಲೆ ನಿಂತಿದೆ. ಮಲೆಯ ಮರ ಇನ್ನೂರು ವರ್ಷ ನೀರಿನಲ್ಲಿ ನಿಂತೂ ಕೊಳೆತಿಲ್ಲ. ಹಾಗಾಗಿ ಬೆಟ್ಟದವರಿಗೆ ಹಡಗಿನ ಮೇಲೆ ಹಕ್ಕಿಲ್ಲ ಅನ್ನುವುದು ಬೇಡ.

ಇವತ್ತು ನಾನು ಹೊಸ ಹಡಗುಗಳ ವಿಷಯ ಹೇಳುವುದಿಲ್ಲ. ಹಳೆಯ ಹಡಗುಗಳ, ಅದರಲ್ಲೂ ಕಡಲನ್ನು ಶೋಧಿಸಲು ಹೋಗಿ ಹೆಸರಾದ ಹಡಗುಗಳ ಮುಪ್ಪಿನ ವಿಷಯ ಹೇಳಬೇಕು. ದುಡಿದು ದಣಿದ ಇಂಥ ಹಡಗನ್ನು ಏನು ಮಾಡಬೇಕು? ಗುಜರಿಗೆ ಹಾಕಬೇಕೋ, ದುರಸ್ತಿ ಮಾಡಿ ಉಳಿಸಬೇಕೋ?

ಪ್ರಪಂಚದಲ್ಲೇ ಅತಿ ಹೆಚ್ಚು ಜನ ಗುರುತಿಸಿದ ಶೋಧನಾ ಹಡಗು ಬಹುಶಃ ‘ಕ್ಯಾಲಿಪ್ಸೊ’. ಒಳಗೆ ಗೋಡೆಯ ಮೇಲೆ ಮಕ್ಕಳು ಅದರ ಚಿತ್ರ ಬರೆದು ಅಂಟಿಸಿದ್ದಾರೆ. ಬಿಳಿ ಹಡಗು, ಮೇಲೆ ಸಣ್ಣ ಹೆಲಿಕಾಪ್ಟರ್. ಅದು ಹುಟ್ಟಿದ್ದು ಯುದ್ಧಕ್ಕೆ. 1942ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ, ಕಡಲಿನಲ್ಲಿ ಶತ್ರುಗಳು ಹುದುಗಿಸಿಟ್ಟ ಮೈನುಗಳನ್ನು ತೆಗೆದುಹಾಕಲು ಅದನ್ನು ಬ್ರಿಟಿಷರಿಗಾಗಿ ಕಟ್ಟಿದರು. ಕಬ್ಬಿಣ ಹತ್ತಿರ ಬಂದರೆ ಸಿಡಿಯುವ ಅಯಸ್ಕಾಂತದ ಮೈನುಗಳಿದ್ದವಲ್ಲ, ಅದಕ್ಕೇ ಇಡೀ ಒಡಲನ್ನು ಮರದಲ್ಲಿ ಮಾಡಿದ್ದರು. ಯುದ್ಧ ಮುಗಿಯಿತು. ಸಿಡಿಮದ್ದಿನ ನಡುವೆ ಓಡಾಡಬೇಕಿದ್ದ ಹಡಗು ಮಾಲ್ಟಾ ದ್ವೀಪದಲ್ಲಿ ಜನರನ್ನೂ ಗಾಡಿಗಳನ್ನೂ ದಾಟಿಸುವ ದೋಣಿಯಾಯಿತು.

1950ರಲ್ಲಿ ಜಾಕ್ ಈವ್ ಕೂಸ್ತೊ ಎಂಬ ಫ್ರೆಂಚ್ ನೌಕಾಧಿಕಾರಿಯ ಕೈಗೆ ಅದು ಬಂತು. ಅದನ್ನು ಕೊಂಡ ಗಿನ್ನೆಸ್ ಮನೆತನದ ಒಬ್ಬ ಶ್ರೀಮಂತರು ಅವರಿಗೆ ಬಾಡಿಗೆಗೆ ಕೊಟ್ಟರು. ಬಾಡಿಗೆ ವರ್ಷಕ್ಕೆ ಒಂದು ಫ್ರಾಂಕ್! ಕೂಸ್ತೊ ಸಾಮಾನ್ಯರಲ್ಲ. ನೀರಿನೊಳಗೆ ಉಸಿರಾಡುವ ‘ಅಕ್ವಾಲಂಗ್’ ಉಪಕರಣವನ್ನು 1943ರಲ್ಲಿ ಎಮಿಲ್ ಗನ್ಯಾನ್ ಎಂಬ ಎಂಜಿನಿಯರ್ ಜೊತೆ ಸೇರಿ ರೂಪಿಸಿದವರು. ಅವರು ಹಡಗಿನ ಮೂತಿಗೆ ಇನ್ನೊಂದು ಮೂಗು ಜೋಡಿಸಿದರು. ನೀರಿನ ಮಟ್ಟಕ್ಕಿಂತ ಕೆಳಗೆ, ಕಿಟಕಿಗಳಿರುವ ಪುಟ್ಟ ಕೋಣೆ. ಅದರೊಳಗೆ ಇಳಿದರೆ ಮೀನು ನಿಮ್ಮನ್ನು ನೋಡುತ್ತದೆ, ನೀವು ಮೀನನ್ನು ನೋಡುತ್ತೀರಿ. ಅಲ್ಲಿಂದ ತೆಗೆದ ದೃಶ್ಯಗಳೂ ಸೇರಿದ ‘ದಿ ಸೈಲೆಂಟ್ ವರ್ಲ್ಡ್’ ಚಿತ್ರಕ್ಕೆ 1956ರಲ್ಲಿ ಕಾನ್ ಚಿತ್ರೋತ್ಸವದ ಅತಿ ದೊಡ್ಡ ಪ್ರಶಸ್ತಿ ಬಂತು. ಆಮೇಲೆ ಟಿ.ವಿ. ಮೂಲಕ ಆ ಹಡಗು ಕೋಟ್ಯಂತರ ಮನೆಗಳ ನಡುಮನೆಗೆ ಬಂತು. ಕಡಲೆಂದರೆ ಮೀನು ಹಿಡಿಯುವ ಜಾಗ, ಯುದ್ಧ ಮಾಡುವ ಜಾಗ ಅಂದುಕೊಂಡಿದ್ದ ಜನಕ್ಕೆ ಅದರೊಳಗೂ ಒಂದು ಕಾಡಿದೆ ಎಂದು ತೋರಿಸಿಕೊಟ್ಟದ್ದು ಆ ಮರದ ಹಡಗು.

ಈಗ ಅದರ ಮುಪ್ಪಿನ ಕಥೆ ಕೇಳಿ. 1996ರ ಜನವರಿ 8ರಂದು ಸಿಂಗಪುರದ ಬಂದರಿನಲ್ಲಿ ಸರಕು ಸಾಗಿಸುವ ಬಾರ್ಜ್ ಒಂದು ಗುದ್ದಿ ಕ್ಯಾಲಿಪ್ಸೊ ಮುಳುಗಿತು. ಕ್ರೇನ್ ತಂದು ಎತ್ತಿದರು. ಮರುವರ್ಷ ಜೂನ್‌ನಲ್ಲಿ ಕೂಸ್ತೊ ತೀರಿಕೊಂಡರು. ಯಜಮಾನ ಹೋದ ಮನೆಯಲ್ಲಿ ಆಗುವುದೇ ಅಲ್ಲೂ ಆಯಿತು. ಹಡಗು ಯಾರದು, ಅದರ ಹೆಸರು ಯಾರದು, ದುರಸ್ತಿಯ ಖರ್ಚು ಯಾರದು ಎಂಬ ವ್ಯಾಜ್ಯ ಬೆಳೆಯಿತು. ಎಳೆದು ತಂದ ಹಡಗು ಫ್ರಾನ್ಸಿನ ಲಾ ರೋಷೆಲ್ ಬಂದರಿನಲ್ಲಿ ವರ್ಷಗಟ್ಟಲೆ ಮಳೆಗೆ ಒಡ್ಡಿಕೊಂಡು ನಿಂತಿತು. 2007ರಲ್ಲಿ ಕಾಂಕಾರ್ನೊ ಎಂಬ ಊರಿನ ಹಡಗುಕಟ್ಟೆಗೆ ಒಯ್ದು ದುರಸ್ತಿ ಶುರುಮಾಡಿದರು. 2009ರಲ್ಲಿ ಹಣದ ತಕರಾರಿನಿಂದ ಕೆಲಸ ನಿಂತಿತು. ಆಮೇಲೆ ಕೋರ್ಟು, ವಾಯಿದೆ. ಕೊನೆಗೆ 2016ರಲ್ಲಿ ಅದನ್ನು ಇನ್ನೊಂದು ಹಡಗಿನ ಮೇಲೆ ಹೇರಿಕೊಂಡು ಟರ್ಕಿಗೆ ಸಾಗಿಸಿದರು. 2017ರಲ್ಲಿ ಅಲ್ಲಿನ ಶೆಡ್ಡಿಗೆ ಬೆಂಕಿ ಬಿದ್ದು ಮರದ ಒಂದಷ್ಟು ಭಾಗ ಸುಟ್ಟಿತು.

ಜಗತ್ತೆಲ್ಲ ಪ್ರೀತಿಸಿದ ಹಡಗಿಗೆ ಯಾಕೆ ಹೀಗಾಯಿತು? ಹಡಗು ಓಡಾಡುತ್ತಿದ್ದಾಗ, ಯಜಮಾನ ಬದುಕಿದ್ದಾಗ, ಮುಂದೆ ಅದರ ಗತಿಯೇನು ಎಂದು ಯಾರೂ ಕಾಗದದ ಮೇಲೆ ಬರೆದಿಡಲಿಲ್ಲ. ನನಗೆ ಕಾಣುವ ಕಾರಣ ಇದೊಂದೇ. ಪ್ರೀತಿಗೆ ಕೊರತೆ ಇರಲಿಲ್ಲ, ಬರವಣಿಗೆಗೆ ಇತ್ತು.

ಇದಕ್ಕೆ ಎದುರಾಗಿ ಇನ್ನೊಂದು ಹಡಗನ್ನು ಇಟ್ಟು ನೋಡಿ. ಸ್ಕಾಟ್ಲೆಂಡಿನ ಡಂಡೀ ಊರಿನಲ್ಲಿ 1901ರ ಮಾರ್ಚ್ 21ರಂದು ‘ಡಿಸ್ಕವರಿ’ ಎಂಬ ಮರದ ಹಡಗನ್ನು ನೀರಿಗಿಳಿಸಿದರು. ಕ್ಯಾಪ್ಟನ್ ಸ್ಕಾಟ್ ಅಂಟಾರ್ಕ್ಟಿಕಾಕ್ಕೆ ಮೊದಲು ಹೋದದ್ದು ಅದರಲ್ಲಿ. ಮಂಜುಗಡ್ಡೆಯ ಒತ್ತಡ ತಡೆಯಲಿ ಎಂದು ಪದರದ ಮೇಲೆ ಪದರ ಮರ ಕೂಡಿಸಿ ಅರ್ಧ ಮೀಟರಿಗಿಂತ ದಪ್ಪ ಪಕ್ಕೆ ಕಟ್ಟಿದ್ದರು. ಚುಕ್ಕಾಣಿಯನ್ನೂ ಪ್ರೊಪೆಲರನ್ನೂ ಬೇಕೆಂದಾಗ ಮೇಲಕ್ಕೆ ಎಳೆದುಕೊಳ್ಳುವಂತೆ ಮಾಡಿದ್ದರು. ಎರಡು ವರ್ಷ ಮಂಜಿನಲ್ಲಿ ಸಿಕ್ಕಿಕೊಂಡು 1904ರಲ್ಲಿ ಬಿಡಿಸಿಕೊಂಡು ಬಂದ ಆ ಹಡಗು ಮುಂದೆ ತಿಮಿಂಗಿಲಗಳ ಅಧ್ಯಯನಕ್ಕೂ ಹೋಯಿತು. ಆಮೇಲೆ ಲಂಡನ್ನಿನಲ್ಲಿ ಸ್ಕೌಟ್ ಹುಡುಗರಿಗೆ ಕೊಟ್ಟರು. ಜೀರ್ಣವಾಗಿ ಗುಜರಿಯ ಅಂಚಿಗೆ ಬಂದಾಗ 1979ರಲ್ಲಿ ಒಂದು ಟ್ರಸ್ಟ್ ವಹಿಸಿಕೊಂಡಿತು. 1986ರಲ್ಲಿ ಅದು ಹುಟ್ಟಿದೂರಿಗೇ ಮರಳಿತು. ಇವತ್ತು ಡಂಡೀಗೆ ಹೋದವರು ಮೊದಲು ನೋಡುವುದು ಆ ಹಡಗನ್ನೇ. ಅದರ ಮಾಲೀಕರು ಯಾರು, ಮನೆ ಯಾವುದು ಎಂಬುದು ಇತ್ಯರ್ಥವಾಗಿತ್ತು. ಹಾಗಾಗಿ ಅದು ಉಳಿಯಿತು.

ಬ್ರಿಟನ್ನಿನವರು ಎಲ್ಲವನ್ನೂ ಉಳಿಸಿಕೊಂಡರು ಎಂದೇನಲ್ಲ. ಕಡಲ ವಿಜ್ಞಾನಕ್ಕೆ ಬುನಾದಿ ಹಾಕಿದ ‘ಚಾಲೆಂಜರ್’ ಹಡಗು 1872ರಿಂದ 1876ರವರೆಗೆ ಲೋಕ ಸುತ್ತಿ, ಅಲ್ಲಿಯತನಕ ಗೊತ್ತಿಲ್ಲದ ಸಾವಿರಾರು ಜೀವಜಾತಿಗಳನ್ನು ಹೊತ್ತು ತಂದಿತ್ತು. 1921ರಲ್ಲಿ ಅದನ್ನು ಒಡೆದರು. ಉಳಿದದ್ದು ಮೂತಿಯಲ್ಲಿದ್ದ ಮರದ ಬೊಂಬೆ ಮಾತ್ರ. ಆ ಬೊಂಬೆ ಈಗ ಸೌತಾಂಪ್ಟನ್ನಿನ ಕಡಲ ಸಂಶೋಧನಾ ಕೇಂದ್ರದಲ್ಲಿದೆ.

ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಗೆ 1976ರಲ್ಲಿ ‘ಗವೇಷಣಿ’ ಎಂಬ ಹಡಗು ಬಂತು. ಬಂದರಿನ ಹೂಳು ಸಾಗಿಸಬೇಕಿದ್ದ ಬಾರ್ಜನ್ನು ಕಲ್ಕತ್ತದ ಗಾರ್ಡನ್ ರೀಚ್‌ನಲ್ಲಿ ಮಾರ್ಪಡಿಸಿ ಪ್ರಯೋಗಾಲಯ ಮಾಡಿದ್ದರು. ಆ ಬಡಪಾಯಿ ಹಡಗು 1981ರ ಜನವರಿ 26ರಂದು, ಗಣರಾಜ್ಯೋತ್ಸವದ ದಿನವೇ, ಅರಬ್ಬೀ ಸಮುದ್ರದ ತಳದಿಂದ ಮ್ಯಾಂಗನೀಸ್ ಗಂಟುಗಳನ್ನು ಎತ್ತಿ ತಂದಿತು. ನೋಡಲು ಸುಟ್ಟ ಆಲೂಗಡ್ಡೆ. ಒಳಗೆ ಮ್ಯಾಂಗನೀಸ್, ತಾಮ್ರ, ನಿಕಲ್, ಕೋಬಾಲ್ಟ್. ಅಲ್ಲಿಂದ ಶುರುವಾದ ಕೆಲಸದ ಬಲದಿಂದಲೇ 1987ರಲ್ಲಿ ಭಾರತಕ್ಕೆ ಮಧ್ಯ ಹಿಂದೂ ಮಹಾಸಾಗರದಲ್ಲಿ ಒಂದೂವರೆ ಲಕ್ಷ ಚದರ ಕಿಲೋಮೀಟರ್ ತಳವನ್ನು ಶೋಧಿಸುವ ಹಕ್ಕು ಸಿಕ್ಕಿತು. 1990ರ ದಶಕದಲ್ಲಿ ಗವೇಷಣಿ ನಿವೃತ್ತಿಯಾಯಿತು. ಇವತ್ತು ಒಂದು ಮಗುವನ್ನು ಕರೆದುಕೊಂಡು ಹೋಗಿ ‘ನೋಡು, ಈ ಡೆಕ್ಕಿನ ಮೇಲೆ ಆ ಗಂಟು ಬಂದು ಬಿತ್ತು’ ಎಂದು ತೋರಿಸಲು ನಮಗೆ ಆ ಹಡಗಿಲ್ಲ.

ಯುದ್ಧನೌಕೆ ‘ವಿಕ್ರಾಂತ್’ ಗತಿಯೂ ಅಷ್ಟೇ. 1971ರ ಯುದ್ಧದಲ್ಲಿ ಹೆಸರು ಮಾಡಿದ ಆ ವಿಮಾನವಾಹಕ 1997ರಲ್ಲಿ ನಿವೃತ್ತಿಯಾಗಿ, ಮುಂಬಯಿಯಲ್ಲಿ ಹಲವು ವರ್ಷ ಮ್ಯೂಸಿಯಂ ಆಗಿ ನಿಂತಿತ್ತು. ಕಾಯಂ ಜಾಗ ಆಗಲಿಲ್ಲ, ಹಣ ಹೊಂದಿಸಲಾಗಲಿಲ್ಲ. 2014ರಲ್ಲಿ ಹರಾಜಾಗಿ ಒಡೆಯಲಾಯಿತು. ಅದರ ಉಕ್ಕು ಕರಗಿ ಮೋಟಾರ್ ಸೈಕಲ್ಲಿನ ಭಾಗವಾಯಿತು. ಆ ಬೈಕು ಈ ಊರಿನ ರಸ್ತೆಯಲ್ಲೂ ಓಡಾಡುತ್ತಿರಬಹುದು!

ಕಾರವಾರದಲ್ಲಿ ಒಂದು ಒಳ್ಳೆಯ ಕೆಲಸವೂ ಆಗಿದೆ. ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ‘ಚಪಲ್’ ಎಂಬ ಕ್ಷಿಪಣಿ ದೋಣಿಯನ್ನು 2006ರಿಂದ ಮ್ಯೂಸಿಯಂ ಮಾಡಿ ಇಟ್ಟಿದ್ದಾರೆ. ಶಾಲೆಯ ಪ್ರವಾಸಕ್ಕೆ ಉತ್ತರ ಕನ್ನಡಕ್ಕೆ ಹೋದರೆ ತಪ್ಪದೆ ಒಳಗೆ ಹತ್ತಿ ನೋಡಿ. ಉಪ್ಪು ಗಾಳಿಗೆ ಕಬ್ಬಿಣ ಹೇಗೆ ಹಪ್ಪಳದ ಹಾಗೆ ಏಳುತ್ತದೆ, ಬಣ್ಣ ಹೊಡೆಯುವ ಕೆಲಸ ಯಾಕೆ ಎಂದಿಗೂ ಮುಗಿಯುವುದಿಲ್ಲ ಎಂಬುದು ಅಲ್ಲಿ ಕಣ್ಣಿಗೇ ಕಾಣುತ್ತದೆ.

ಹಡಗನ್ನು ದುರಸ್ತಿ ಮಾಡುವುದೆಂದರೆ ಏನು ಎಂದು ಒಂದಿಷ್ಟು ಹತ್ತಿರದಿಂದ ನೋಡೋಣ. ಮರದ ಹಡಗಿಗೆ ಉಪ್ಪು ನೀರಿಗಿಂತ ಮಳೆ ನೀರು ಕೆಟ್ಟದ್ದು. ಡೆಕ್ಕಿನ ಸಂದಿಯಿಂದ ಇಳಿದ ಸಿಹಿನೀರು ಗಾಳಿಯಾಡದ ಮೂಲೆಯಲ್ಲಿ ನಿಂತರೆ ಅಲ್ಲಿ ಬೂಷ್ಟು ಹಿಡಿದು ಮರ ಮೆತ್ತಗಾಗುತ್ತದೆ. ಹೊರಗಿನಿಂದ ಬಣ್ಣ ಥಳಥಳ ಎನ್ನುತ್ತಿರುತ್ತದೆ; ಉಳಿ ಒತ್ತಿದರೆ ಬೆಣ್ಣೆಯಲ್ಲಿ ಇಳಿದಂತೆ ಇಳಿಯುತ್ತದೆ. ಬಿಸಿಯ ಕಡಲುಗಳಲ್ಲಿ ಮರ ಕೊರೆಯುವ ಹುಳು ಬೇರೆ. ಹುಳು ಅಂತ ಕರೆದರೂ ಅದು ಚಿಪ್ಪುಜೀವಿಗಳ ಕುಲದ್ದು. ಓಕ್ ಮರದ ಹುಳಿ ಕಬ್ಬಿಣದ ಮೊಳೆಯನ್ನು ತಿಂದುಹಾಕುತ್ತದೆ. ತೇಗದಲ್ಲಿ ಎಣ್ಣೆಯಿರುವುದರಿಂದ ಮೊಳೆಯೂ ಉಳಿಯುತ್ತದೆ, ಮರವೂ ಉಳಿಯುತ್ತದೆ. ಇನ್ನು ಹಡಗನ್ನು ಒಣದಂಡೆಗೆ ಎಳೆದು ವರ್ಷಾನುಗಟ್ಟಲೆ ಬಿಟ್ಟರೆ ಹಲಗೆಗಳು ಒಣಗಿ ಕುಗ್ಗಿ ಸಂದಿ ಬಿಡುತ್ತವೆ. ಆಗ ಒಂದೊಂದೇ ಸಂದಿಗೆ ನಾರು ಸುರುಳಿ ಮಾಡಿ, ಉಳಿ ಸುತ್ತಿಗೆಯಿಂದ ತುರುಕಿ, ಮೇಲೆ ರಾಳ ಹುಯ್ಯಬೇಕು. ಬಿಗಿ ಹೆಚ್ಚಾದರೆ ನೀರಿಗೆ ಬಿಟ್ಟಾಗ ಹಲಗೆ ಉಬ್ಬಿ ಕಿತ್ತುಕೊಳ್ಳುತ್ತದೆ, ಕಮ್ಮಿಯಾದರೆ ಸೋರುತ್ತದೆ. ಎಷ್ಟು ಬಿಗಿ ಎಂಬುದು ಸುತ್ತಿಗೆಯ ಸದ್ದು ಕೇಳಿದ ಮೇಸ್ತ್ರಿಯ ಕಿವಿಗೆ ಗೊತ್ತು. ಪುಸ್ತಕದಲ್ಲಿ ಓದಿ ಬರುವ ವಿದ್ಯೆ ಅಲ್ಲ.

ಇಷ್ಟೆಲ್ಲ ಹಲಗೆ ಬದಲಿಸಿದ ಮೇಲೆ ಅದು ಹಳೆಯ ಹಡಗೇ ಹೌದಾ ಎಂದು ಜಾಣರು ಕೇಳುತ್ತಾರೆ. ನಮ್ಮ ದೇವಸ್ಥಾನದ ತೇರಿಗೆ ಒಂದು ವರ್ಷ ಗಾಲಿ ಬದಲಾಗುತ್ತದೆ, ಇನ್ನೊಂದು ವರ್ಷ ಅಚ್ಚು ಬದಲಾಗುತ್ತದೆ. ಅದು ಅಜ್ಜನ ಕಾಲದ ತೇರು ಅಲ್ಲ ಎಂದು ಯಾರಾದರೂ ಹಗ್ಗ ಬಿಟ್ಟು ಮನೆಗೆ ಹೋಗಿದ್ದಾರಾ? ತೇರು ಎಳೆಯುವ ಜನ ಇರುವತನಕ, ಅಚ್ಚು ಕೆತ್ತುವ ಆಚಾರಿ ಇರುವತನಕ ಅದೇ ತೇರು. ಹಡಗಿಗೂ ಇದೇ ನ್ಯಾಯ.

ಆ ಕೈಗಳು ನಮ್ಮಲ್ಲಿ ಇನ್ನೂ ಇವೆ ಎನ್ನುವುದಕ್ಕೆ ಇತ್ತೀಚಿನ ಸಾಕ್ಷಿ ‘ಕೌಂಡಿನ್ಯ’. ಅಜಂತಾ ಗುಹೆಯಲ್ಲಿರುವ 5ನೇ ಶತಮಾನದ ಹಡಗಿನ ಚಿತ್ರವನ್ನು ಮುಂದಿಟ್ಟುಕೊಂಡು, ಒಂದೂ ಮೊಳೆ ಹೊಡೆಯದೆ, ತೆಂಗಿನ ನಾರಿನ ಹಗ್ಗದಿಂದ ಹಲಗೆ ಹಲಗೆ ಹೊಲಿದು ಕಟ್ಟಿದ ಹಾಯಿಹಡಗು ಅದು. ಸಂಸ್ಕೃತಿ ಸಚಿವಾಲಯ, ನೌಕಾಪಡೆ ಮತ್ತು ಗೋವಾದ ಒಂದು ಹಡಗು ಕಟ್ಟುವ ಸಂಸ್ಥೆ 2023ರಲ್ಲಿ ಒಪ್ಪಂದ ಮಾಡಿಕೊಂಡವು. ಹೊಲಿದವರು ಕೇರಳದ ಕುಶಲಕರ್ಮಿಗಳು. ಅವರ ಮುಂದಾಳು ಬಾಬು ಶಂಕರನ್. ಆ ಕಾಲದ ನಕ್ಷೆ ಯಾವುದೂ ಇಲ್ಲ, ಇದ್ದದ್ದು ಗೋಡೆಯ ಮೇಲಿನ ಚಿತ್ರ ಮಾತ್ರ. ಅದು ತೇಲುತ್ತದೋ ಇಲ್ಲವೋ ಎಂದು ಮದ್ರಾಸ್ ಐ.ಐ.ಟಿ.ಯವರು ಮಾದರಿ ಮಾಡಿ ನೀರಿನಲ್ಲಿ ಪರೀಕ್ಷಿಸಿದರು. 2025ರ ಮೇ 21ರಂದು ನಮ್ಮ ಕಾರವಾರದ ನೌಕಾನೆಲೆಯಲ್ಲೇ ಅದನ್ನು ನೌಕಾಪಡೆಗೆ ಸೇರಿಸಿಕೊಂಡರು. ಅದರ ಹಾಯಿಯ ಮೇಲಿರುವುದು ಗಂಡಭೇರುಂಡ! ಆ ವರ್ಷ ಡಿಸೆಂಬರ್ 29ರಂದು ಗುಜರಾತಿನ ಪೋರಬಂದರಿನಿಂದ ಅದು ಒಮಾನಿನ ಮಸ್ಕತ್ತಿಗೆ ಹೊರಟಿತು. ಹೊಲಿಗೆಯ ಹಡಗು, ಗಾಳಿಯ ಬಲ, ಮುಂದೆ ಅರಬ್ಬೀ ಸಮುದ್ರ.

ನಾರು, ರಾಳ, ಮರ, ಹಗ್ಗ: ಇವು ಯಾವುವೂ ಈ ಬೆಟ್ಟಕ್ಕೆ ಹೊಸವಲ್ಲ. ಹೆಜ್ಜೇನು ತೆಗೆಯಲು ಬಳ್ಳಿಯ ಏಣಿ ಹೆಣೆಯುತ್ತಿದ್ದ ಸೋಲಿಗರ ಮೊಮ್ಮಕ್ಕಳು ಈ ಸಭೆಯಲ್ಲಿ ಕೂತಿದ್ದಾರೆ. ಒಳಗೆ ಒಂದು ಮಾದರಿ ನೋಡಿದೆ. ಬೇರೆಯವರು ಥರ್ಮಾಕೋಲಿನಲ್ಲಿ ಮಾಡಿದ್ದಾರೆ. ಇದನ್ನು ಬಿದಿರು ಸೀಳಿ, ಕತ್ತಾಳೆ ನಾರಿನಿಂದ ಗಂಟು ಹಾಕಿ ಮಾಡಿದ್ದಾರೆ. ಗಂಟು ಕೊಂಚ ಎಳೆದು ನೋಡಿದೆ, ಜಗ್ಗಲಿಲ್ಲ. ‘ಯಾರು ಕಲಿಸಿದರು ಮಗಾ?’ ಅಂದರೆ ‘ನಮ್ಮ ತಾತ, ಸಾರ್’ ಅಂದಳು ಹುಡುಗಿ. ಬಹುಮಾನ ಯಾರಿಗೆ ಕೊಡಬೇಕೆಂದು ತೀರ್ಪುಗಾರರಿಗೆ ನಾನು ಹೇಳುವುದಿಲ್ಲ. ಆದರೆ ಆ ತಾತನನ್ನು ನಾಳೆ ಶಾಲೆಗೆ ಕರೆಸಿ ಎಂದು ಮೇಷ್ಟ್ರುಗಳಿಗೆ ಹೇಳುತ್ತೇನೆ.

ಕೊನೆಯದಾಗಿ ಒಂದು ಕೆಲಸದ ಮಾತು. ಭಾರತದ ಇನ್ನೊಂದು ದೊಡ್ಡ ಶೋಧನಾ ಹಡಗಿದೆ, ಹೆಸರು ‘ಸಾಗರ ಕನ್ಯಾ’. ಅದನ್ನು 1983ರಲ್ಲಿ ಜರ್ಮನಿಯಲ್ಲಿ ಕಟ್ಟಿಸಿ ತಂದರು. ನೂರು ಮೀಟರ್ ಉದ್ದ. 1999ರ ಮಳೆಗಾಲದಲ್ಲಿ ಬಂಗಾಳ ಕೊಲ್ಲಿಯ ಮೇಲೆ ಮೋಡ ಹೇಗೆ ಕಟ್ಟುತ್ತದೆ ಎಂದು ಅಳೆಯಲು ನಡೆದ ‘ಬಾಬ್‌ಮೆಕ್ಸ್’ ಪ್ರಯೋಗದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳೂ ಇದ್ದರು. ಅಳತೆಯ ಉಪಕರಣಗಳನ್ನು ಹೊತ್ತು ಅಲೆಗಳ ಮೇಲೆ ನಿಂತದ್ದು ಸಾಗರ ಕನ್ಯಾ. ಇವತ್ತು ರೇಡಿಯೋದಲ್ಲಿ, ಮೊಬೈಲಿನಲ್ಲಿ ಮಳೆ ಮುನ್ಸೂಚನೆ ಕೇಳಿ ಬಿತ್ತನೆಗೆ ಇಳಿಯುತ್ತೀರಲ್ಲ, ಆ ತಿಳಿವಳಿಕೆಯ ಹಿಂದೆ ಇಂಥ ಹಡಗುಗಳ ದುಡಿಮೆ ಇದೆ. ಸಾಗರ ಕನ್ಯಾಗೆ ಈಗ 40 ದಾಟಿದೆ. ಹಡಗಿನ ಲೆಕ್ಕದಲ್ಲಿ ಅದು ಮುಪ್ಪು.

ಅದು ನಿವೃತ್ತಿಯಾದ ಮೇಲೆ ಯೋಚಿಸೋಣ ಅಂದರೆ ಗವೇಷಣಿಯ ಕಥೆಯೇ ಮತ್ತೆ ನಡೆಯುತ್ತದೆ. ಅದು ಇನ್ನೂ ಕೆಲಸ ಮಾಡುತ್ತಿರುವಾಗಲೇ ತೀರ್ಮಾನ ಆಗಬೇಕು: ಯಾವ ಊರಿನಲ್ಲಿ ಅದನ್ನು ನಿಲ್ಲಿಸಬೇಕು, ಯಾರು ನೋಡಿಕೊಳ್ಳಬೇಕು, ವರ್ಷ ವರ್ಷದ ಬಣ್ಣಕ್ಕೆ ದುಡ್ಡು ಎಲ್ಲಿಂದ ಬರಬೇಕು. ಮಂಗಳೂರಾಗಲಿ, ಕಾರವಾರವಾಗಲಿ, ಚೆನ್ನೈಯಾಗಲಿ, ಎಲ್ಲಾದರೂ ಸರಿ, ಮಕ್ಕಳು ಹತ್ತಿ ಇಳಿಯುವ ಹಾಗೆ ನಿಲ್ಲಬೇಕು. ಒಂದು ಹಡಗನ್ನು ಉಳಿಸಲು ಆಗುವ ಖರ್ಚು ದೊಡ್ಡದು ಎನ್ನುವವರಿಗೆ ನನ್ನ ಉತ್ತರ ಇಷ್ಟೇ: ಮುಂಚೆಯೇ ಯೋಚಿಸಿದರೆ ಖರ್ಚು ಕಮ್ಮಿ. ಕ್ಯಾಲಿಪ್ಸೊಗೆ ಆದ ನಷ್ಟದಲ್ಲಿ ಹೆಚ್ಚಿನ ಪಾಲು ತಡಮಾಡಿದ್ದರದು.

ಮಕ್ಕಳೇ, ನಿಮ್ಮಿಂದ ನನಗೆ ಎರಡು ಕೆಲಸ ಆಗಬೇಕು. ಈ ವಾರ ಮನೆಯಲ್ಲಿ ಅಟ್ಟದ ಮೇಲೆ ಬಿದ್ದಿರುವ ಒಂದು ಹಳೆಯ ಸಾಮಾನನ್ನು ಕೆಳಗಿಳಿಸಿ. ಕೂರಿಗೆಯೋ, ರಾಗಿ ಕಲ್ಲೋ, ಅಳತೆಯ ಸೇರೋ, ಏನಾದರೂ ಸರಿ. ಅದನ್ನು ಮಾಡಿದವರು ಯಾರು, ಯಾವ ಮರ, ಹೇಗೆ ಬಳಸುತ್ತಿದ್ದರು ಎಂದು ಅಜ್ಜ ಅಜ್ಜಿಯರನ್ನು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಗುಜರಿಯವನು ಬರುವ ಮುಂಚೆ ಈ ಕೆಲಸ ಆಗಲಿ. ಎರಡನೆಯದು, ಒಬ್ಬೊಬ್ಬರು ಒಂದೊಂದು ಅಂಚೆ ಕಾರ್ಡು ತೆಗೆದುಕೊಂಡು, ಕನ್ನಡದಲ್ಲೋ ತಮಿಳಿನಲ್ಲೋ, ದೆಹಲಿಯ ಭೂವಿಜ್ಞಾನ ಸಚಿವಾಲಯಕ್ಕೆ ಬರೆಯಿರಿ: ‘ಸಾಗರ ಕನ್ಯಾ ಹಡಗನ್ನು ಒಡೆಯಬೇಡಿ, ನಾವು ಅದನ್ನು ನೋಡಬೇಕು.’ ಕಡಲಿಲ್ಲದ ಬೆಟ್ಟದ ಊರಿನಿಂದ ಕಾರ್ಡು ಬಂದರೆ ಅಲ್ಲಿರುವವರು ಓದದೆ ಪಕ್ಕಕ್ಕಿಡಲಾರರು.

ಪ್ರದರ್ಶನವನ್ನು ಉದ್ಘಾಟಿಸಿದ್ದೇನೆ. ಎಲ್ಲರೂ ಒಳಗೆ ಬನ್ನಿ, ಸಾವಧಾನವಾಗಿ ನೋಡಿ, ಮಕ್ಕಳನ್ನು ಪ್ರಶ್ನೆ ಕೇಳಿ.